ಮಂಗಳ ಹಾಡದ ಕುಂತಾಟ

ಅವ ಸತ್ತಾಗ ನನಗ ಅರವತ್ತೆರಡು. ಅದಕ್ಕ ಈಗ ಆರು ವರ್ಷ ಆತು. ಹೆಸರು ಬರಿಯಂಗಿಲ್ಲ. ಲಿಂಗಸುಗೂರಿನ್ಯಾಗ ಅವನ ಹೆಸರು ಕೇಳಿದವರೂ ಇಲ್ಲ, ಪೇಂಟರ್ ಅಂದ್ರ ತಿರುಗಿ ನೋಡ್ತಿದ್ದ. ಅಷ್ಟು ಸಾಕು.

ನಂದು ಬಸ್ ಸ್ಟ್ಯಾಂಡ್ ಹಿಂದ ಖಾನಾವಳಿ. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ, ಅನ್ನ. ಗಂಡ ಇದ್ದಾಗಲೂ ನಾನೇ ನಡಸ್ತಿದ್ದೆ, ಸತ್ತಮ್ಯಾಲೂ ನಾನೇ. ಹಿಂದ ಕಟಗಿ ಒಟ್ಟಾಕ ಒಂದು ತಗಡಿನ ಖೋಲಿ ಇತ್ತು. ಅದನ್ನ ಬಾಡಿಗಿಗೆ ಕೇಳಾಕ ಪೇಂಟರ್ ಬಂದ. ಒಂದು ಕೈಯಾಗ ಬಣ್ಣದ ಡಬ್ಬಿಗೋಳ ಗಂಟು, ಇನ್ನೊಂದು ಕೈಯಾಗ ಪೇಟಿ. ಪೇಟಿ ಅಂದ್ರ ಟ್ರಂಕ್ ಅಲ್ಲ, ಹಾರ್ಮೋನಿಯಂ.

"ಏನು ಕೆಲಸ ನಿಂದು?" ಅಂತ ಕೇಳಿದೆ.

"ಬೋರ್ಡ್ ಬರಿತಿದ್ದೆ ಅಕ್ಕಾ."

"ಈಗ?"

"ಈಗ ಬೋರ್ಡ್ ಇಲ್ಲ."

ಮಾತಾಡೂತನಾ ನನ್ನ ಮಾರಿ ನೋಡಲಿಲ್ಲ, ಕಿವಿ ನೋಡಾಕತ್ತಿದ್ದ. "ಏನಲೇ, ನನ್ನ ಬೆಂಡೋಲಿ ಮ್ಯಾಲ ಕಣ್ಣೇನು?" ಅಂದೆ. ಅವ ನಾಚಲಿಲ್ಲ.

"ಬೆಂಡೋಲಿ ಯಾರಿಗೆ ಬೇಕು ಬೇ. ಮಾರಿಗೆ ಸೋಗು ಹಾಕಬಹುದು, ಕಿವಿಗೆ ಹಾಕಾಕ ಬರಂಗಿಲ್ಲ. ಸುಳ್ಳು ಹೇಳಿದ್ರ ಮೊದಲು ಕೆಂಪಾಗೋದು ಕಿವಿ."

ಖೋಲಿ ಕೊಟ್ಟೆ.

ಒಳ್ಳೇವ ಇದ್ದ ಅಂತ ಬರಿಯಂಗಿಲ್ಲ. ದಿನಕ್ಕ ಇಪ್ಪತ್ತು ಗುಟ್ಕಾ ಚೀಟಿ ಹರಿತಿದ್ದ. ಗ್ವಾಡಿಗೆ ಉಗಳ್ತಿದ್ದ. ನಾ ಬೈದ್ರ ಆ ಕೆಂಪಿನ ಮ್ಯಾಲ ನಾಕು ಗೆರಿ ಎಳದು ಹುಂಜ ಮಾಡ್ತಿದ್ದ. ಹುಂಜ ನೋಡಿ ನಗು ಬರ್ತಿತ್ತು, ಬೈಯೋದು ಅರ್ಧಕ್ಕ ನಿಲ್ಲತಿತ್ತು. ಅದೇ ತಪ್ಪಾತು. ಪೂರಾ ಬೈಬೇಕಿತ್ತು.

ಸಿಂಧನೂರಿನ್ಯಾಗ ಟ್ರ್ಯಾಕ್ಟರ್ ಟ್ರಾಲಿ ಹಿಂದ ಹುಲಿ, ನವಿಲು, ಎತ್ತು ಬರದು ಬದುಕಿದವ ಅವ. ಬಯಲಾಟಕ್ಕ ಪರದೆ ಬರದು ಕೊಡ್ತಿದ್ದ, ಆಟದ ದಿನ ಅದೇ ಪರದೆ ಮುಂದ ಕುಂತು ಪೇಟಿ ಬಾರಸ್ತಿದ್ದ. ಫ್ಲೆಕ್ಸ್ ಬಂದು ಬೋರ್ಡ್ ತಿಂತು. ಮೊಬೈಲ್ ಬಂದು ಬಯಲಾಟ ತಿಂತು. ಉಳಿದದ್ದು ಪೇಟಿ ಒಂದು. ಅದರಾಗೂ ನಡುವಿನ ಒಂದು ಬಿಳಿ ಮನಿ ಸತ್ತಿತ್ತು. ಪೇಟಿಯಾಗ ಬೆರಳು ಒತ್ತೋ ಪಟ್ಟಿಗೆ ಮನಿ ಅಂತಾರ. ಅದನ್ನ ಒತ್ತಿದ್ರ ಸ್ವರ ಇಲ್ಲ, ಉಸ್ ಅಂತ ಬರೇ ಗಾಳಿ. "ರಿಪೇರಿ ಮಾಡಸೋ" ಅಂದ್ರ "ಇರಲಿ ಬಿಡು, ಮನ್ಯಾಗ ಒಬ್ಬರು ಸತ್ತಿರಬೇಕು" ಅಂತಿದ್ದ.

ಆಟ ತಂದವ ಮಹಬೂಬ. ಮಸ್ಕಿಯಾಗ ಅವಂದು ಬುಕ್ ಬೈಂಡಿಂಗ್ ಅಂಗಡಿ. ಐತಾರಕ್ಕೊಮ್ಮೆ ಲಿಂಗಸುಗೂರಿನ್ಯಾಗಿನ ಅಕ್ಕನ ಮನಿಗೆ ಬಂದಾಗ ನಮ್ಮಲ್ಲಿ ಉಣ್ತಿದ್ದ. ಅಕ್ಕನ ಅಡಗಿ ಸೇರ್ತಿರಲಿಲ್ಲ. ಹರೇದಾಗ ಹೈದರಾಬಾದಿನ ಪ್ರೆಸ್ಸಿನ್ಯಾಗ ಇದ್ದಾಗ ಅಲ್ಲಿ ಹುಡುಗ್ರು ಟೇಬಲ್ ಸುತ್ತ ಕುಂತು ಆಡೋದು ನೋಡಿದ್ದನಂತ. ಒಂದು ದಪ್ಪನ ಇಂಗ್ಲಿಷ್ ಪುಸ್ತಕ ತಂದ. ಒಂದು ದಾಳ ತಂದ. ಅದು ನಮ್ಮ ಪಗಡಿ ದಾಳ ಅಲ್ಲ. ಇಪ್ಪತ್ತು ಮಾರಿ ಇದ್ದವು ಅದಕ್ಕ. ನಮ್ಮ ಕಡೆ ಮಾರಿ ಅಂದ್ರ ಮುಖ, ಜೀವಾ ಒಯ್ಯೋ ದೇವಿಗೂ ಅದೇ ಹೆಸರು.

"ಒಬ್ಬರು ಕತಿ ಹೇಳ್ತಾರ. ಉಳದವರು ಕತಿ ಒಳಗಿನ ಮಂದಿ," ಅಂತ ಮಹಬೂಬ ತಿಳಿಸಿದ. "ಹಳ್ಳ ಬಂತು ಅಂದ್ರ ನೀವು ಈಸ್ತೀರೋ, ತಿರುಗಿ ಹೋಗ್ತೀರೋ, ನೀವೇ ಹೇಳಬೇಕು. ಆಗ್ತೈತೋ ಇಲ್ಲೋ ದಾಳ ಹೇಳ್ತೈತಿ. ಇಪ್ಪತ್ತು ಬಿದ್ರ ಯಾರೂ ಕೊಲ್ಲಂಗಿಲ್ಲ. ಒಂದು ಬಿದ್ರ ಯಾರೂ ಉಳಸಂಗಿಲ್ಲ."

ಪೇಂಟರ್ ದಾಳ ತಿರುವಿ ತಿರುವಿ ನೋಡಿದ. "ಇದು ಬಯಲಾಟ ಲೇ ಸಾಬ. ನಿಂತು ಆಡೋದನ್ನ ಕುಂತು ಆಡ್ತಾರ, ಅಷ್ಟ."

"ಹಂಗಾರ ಕುಂತಾಟ ಅನ್ನು," ಅಂದೆ ನಾನು. ಹೆಸರು ಹಂಗೇ ಉಳೀತು.

ಕತಿ ಹೇಳಾವ ಪೇಂಟರ್. ಬಯಲಾಟದಾಗ ಹೊಸಾ ವೇಷ ಬಂದ್ರ ಆಟ ನಡಸೋ ಸಾರಥಿ ಮುಂದ ಬಂದು ಕೇಳ್ತಾನಲ್ಲ, ಹಂಗ ಇವನೂ ಐತಾರ ಮಧ್ಯಾಹ್ನ ಗಿರಾಕಿ ಹೋದಮ್ಯಾಲ ಪೇಟಿ ಒಂದು ಸಲ ಊದಿ ಕೇಳ್ತಿದ್ದ: "ಬಂದಂಥವರು ತಾವು ಧಾರು?"

ಮೂರು ಮಂದಿ ಕುಂತಿದ್ವಿ. ಮಹಬೂಬ ಮಂತ್ರಗಾರ ಆದ. ಪಾಮನಕಲ್ಲೂರಿನ ಬಸಣ್ಣ ಬಸ್ ಕಂಡಕ್ಟರ್, ಅವ ರಾಜಕುಮಾರ ಆದ. ಹಗಲೆಲ್ಲಾ ಚಿಲ್ಲರಿಗೆ ಬೈಸ್ಕೊಂಡಾವ ಮತ್ತೇನಾಗಬೇಕು. ನನ್ನ ಪಾಳಿ ಬಂತು.

"ಅಕ್ಕಾ, ರಾಣಿ ಆಗು."

"ರಾಣಿಗೆ ರೊಟ್ಟಿ ಯಾರು ಬಡಿತಾರ? ನಾ ರೊಟ್ಟಿ ಬಡಿಯಾಕಿ."

"ಆಟದಾಗೂ ಅದೇ ಏನಬೇ?"

"ನನಗ ಬರೋದು ಅದು."

ಮುಂದಿನ ಐತಾರ ನನ್ನ ಚಿತ್ರ ಬರದಿಟ್ಟಿದ್ದ. ಹಳೇ ಫ್ಲೆಕ್ಸಿನ ಹಿಂದಿನ ಬಿಳಿ ಮಗ್ಗಲಿಗೆ ಟ್ರಾಲಿಯ ಬಣ್ಣ. ಗುಡ್ಡದಷ್ಟು ಹೆಂಗಸು, ಅಂಗೈ ಒಂದೊಂದು ಹಂಚಿನಷ್ಟು ಅಗಲ, ಬೆಂಕಿ ಮೊಣಕೈತನ. ಮಣಿಕಟ್ಟಿನ ಮ್ಯಾಲ ನನಗಿರೋ ಸುಟ್ಟ ಕಲಿ ಸೈತ ಬಿಟ್ಟಿರಲಿಲ್ಲ. ಸಿಟ್ಟು ಬಂತು, ಚಿತ್ರ ಕಿತ್ಕೊಂಡು ಒಳಗ ಇಟ್ಟೆ. ಈಗಲೂ ಹಿಟ್ಟಿನ ಡಬ್ಬಿ ಹಿಂದ ಐತಿ.

ಚಿತ್ರದ ಕೆಳಗ ಮೂರು ಮಾತು ಬರದಿದ್ದ: ಬಲ, ಬುದ್ಧಿ, ಜೀವ. ಅವುಗಳ ಮುಂದ ಅಂಕಿ. ನನಗ ಆಗ ಓದಾಕ ಬರ್ತಿರಲಿಲ್ಲ. ಪೆಟ್ಟು ಬಿದ್ರ ಜೀವ ಅಳಿಸಿ ಕಮ್ಮಿ ಬರೀಬೇಕು. "ನಿನ್ನ ಜೀವ ನೀನೇ ಬರ್ಕೋ, ನಾ ಬರಿಯಂಗಿಲ್ಲ" ಅಂತ ಹಟ ಹಿಡದ. ಹಂಗ ಕಲ್ತೆ. ನಾ ಮೊದಲು ಓದಿದ ಮಾತು ಜೀವ, ಮೊದಲು ಅಳಿಸಿದ್ದೂ ಅದೇ. ಇದನ್ನೆಲ್ಲಾ ಬರ್ಯಾಕತ್ತಿರೋದು ಆ ಅಕ್ಷರದಾಗ.

ರಕ್ಕಸರನ್ನ ಅವ ಹೆಂಗ ತರ್ತಿದ್ದ ಅಂದ್ರ, ಚಿತ್ರ ಮೊದಲು ಬೋರಲ ಇಡ್ತಿದ್ದ. ಪೇಟಿ ಬಾರಸ್ತಿದ್ದ. ಒಂದೊಂದು ರಕ್ಕಸಗೂ ಒಂದೊಂದು ಧಾಟಿ. ಅದನ್ನ ಕೇಳಿ ಏನು ಬರಾಕತ್ತೈತಿ ಅಂತ ನಾವು ತಿಳಕೋಬೇಕು, ಆಮ್ಯಾಲ ತಿರುವೋದು. ಭತ್ತ ಕೊಯ್ಯೋ ಮಶೀನಿನ ಹಲ್ಲು ಇದ್ದ ಒಬ್ಬ ಇದ್ದ. ಗಣಿ ಒಳಗಿನ ಕುರುಡು ಹಕ್ಕಿ ಇತ್ತು. ಕಾಲುವಿ ತೂಬಿನ್ಯಾಗ ಬಾಯಿ ತಕ್ಕೊಂಡು ಕುಂತವ ಒಬ್ಬ, ಹೊಟ್ಟಿತುಂಬ ಊರಿಗೂರು ಕಾಣ್ತಿದ್ವು. ಇಂಗ್ಲಿಷ್ ಪುಸ್ತಕದಾಗಿನ ರಕ್ಕಸರನ್ನ ನೋಡಿ ಪೇಂಟರ್ ಮೂಗು ಮುರದ. "ಇವು ಯಾರ ಹೊಲಾ ತುಳದಾವ?" ಅಂದ.

ಒಂದು ಧಾಟಿಗೆ ಮಾತ್ರ ಚಿತ್ರ ಇರಲಿಲ್ಲ. ಅದನ್ನ ಬಾರಸಿದಾಗೊಮ್ಮೆ ಸ್ವರ ಹೋಗಿ ಹೋಗಿ ಆ ಸತ್ತ ಮನಿ ಮ್ಯಾಲ ಬೀಳ್ತಿತ್ತು, ಉಸ್ ಅಂತ ಗಾಳಿ ಬಂದು ಮತ್ತ ಮುಂದಕ್ಕ ಹೋಗ್ತಿತ್ತು.

"ಅದು ಯಾರೋ?" ಅಂತ ಕೇಳಿದ್ರ, "ಸ್ವರ ಇಲ್ಲದ ಜಾಗದಾಗ ಕುಂತಾನಲ್ಲ, ಅವ. ಕಡೀಕ್ಕ ಬರ್ತಾನ" ಅಂತಿದ್ದ.

"ಹೆಂಗದಾನ?"

"ಇನ್ನೂ ಕಂಡಿಲ್ಲ."

ಒಂದ್ಸಲ ತೂಬಿನ ರಕ್ಕಸನ ಕೈಯಾಗ ಬಸಣ್ಣನ ರಾಜಕುಮಾರ ಸತ್ತ. ದಾಳ ಮೂರು ಬಿತ್ತು. ಮಹಬೂಬಗ ಆ ವಾರ ಜ್ವರ, ಬಂದಿರಲಿಲ್ಲ. ಮರುದಿನ ಗಿರಾಕಿಗೆ ಬಡಸ್ಕೋತ ಅವಗ ಫೋನ್ ಮಾಡಿದೆ. "ಲೇ ಮಹಬೂಬ, ಬಸಣ್ಣ ಸತ್ತ. ತೂಬಿನ್ಯಾಗ ಬಿದ್ದ. ಮೂರಕ್ಕ ಹೋತು ಜೀವ."

ಉಣ್ಣಾಕ ಕುಂತವರಾಗ ಒಬ್ಬ ಬಸಣ್ಣನ ಊರು ಪಾಮನಕಲ್ಲೂರಿನವ, ಎಲ್ಲಾ ಕೇಳಿಸ್ಕೊಂಡ. ಕೈ ತೊಳಕೊಂಡು ಎದ್ದುಹೋದ. ಸಂಜಿಗೆ ಟಂಟಂ ತುಂಬ ಮಂದಿ ಬಂದಿಳೀತು. ಬಸಣ್ಣನ ಅವ್ವ, ಹೆಂಡತಿ, ದೊಡ್ಡಪ್ಪ, ಹೂವಿನ ಹಾರ. ಬಸಣ್ಣ ಡ್ಯೂಟಿ ಮುಗಿಸಿ ನನ್ನ ಕಟ್ಟಿ ಮ್ಯಾಲ ಕುಂತು ಮಿರ್ಚಿ ತಿನ್ನಾಕತ್ತಿದ್ದ. ಅವ್ವ ಎರಡು ಕಪಾಳಕ್ಕ ಬಡದಳು. ಆಮ್ಯಾಲ ತೆಕ್ಕಿಬಿದ್ದು ಅತ್ತಳು. ಆಮ್ಯಾಲ ಮತ್ತೊಂದು ಬಡದಳು.

ದೊಡ್ಡಪ್ಪ ಹಾರ ಮಡಚಿ ಚೀಲಕ್ಕ ಹಾಕ್ಕೋತ ಅಂದ: "ಛಲೋ ಆತು ಬಿಡ್ರಿ. ಕಾಗಿ ತಲಿಗೆ ಬಡದ್ರ ನಾವೇ ಬೀಗರಿಗೆ ಸತ್ತ ಅಂತ ಸುಳ್ಳು ಸುದ್ದಿ ಕಳಸಂಗಿಲ್ಲೇನು? ಅವರು ಅತ್ರ ಕಂಟಕ ಹೋಗ್ತೈತಿ. ಇವನ ಆಯುಷ್ಯ ಬೆಳೀತು."

ಪೇಂಟರ್ ಹೊಟ್ಟಿ ಹಿಡಕೊಂಡು ನಕ್ಕ. ಬಾಯಿ ಪೂರಾ ತೆರದು ಅವ ನಕ್ಕದ್ದು ನಾ ನೋಡಿದ್ದು ಅದೇ ಕಡೀ ಸಲ.

ಯಾಕಂದ್ರ ಬಾಯಿ ಮುಚ್ಚಾಕತ್ತಿತ್ತು. ಮೊದಲು ಮೂರು ಬೆರಳು ಹಿಡೀತಿತ್ತು, ಆಮ್ಯಾಲ ಎರಡು, ಆಮ್ಯಾಲ ಒಂದು. ರೊಟ್ಟಿ ಬಿಟ್ಟು ಅನ್ನಕ್ಕ ಬಂದ, ಅನ್ನ ಬಿಟ್ಟು ಗಂಜಿಗೆ ಬಂದ. ಒಳಗ ಗುಟ್ಕಾದ ಹುಣ್ಣು. ರಾಯಚೂರು ದವಾಖಾನಿಗೆ ಬಸಣ್ಣ ಕರ್ಕೊಂಡು ಹೋದ. ತಡಾ ಆಗೈತಿ ಅಂದ್ರಂತ. ಆರು ತಿಂಗಳಿನ್ಯಾಗ ದನಿ ಹೋತು.

ಆಟ ನಿಲ್ಲತೈತಿ ಅಂದ್ಕೊಂಡ್ವಿ. ಮುಂದಿನ ಐತಾರ ನಾವು ಕುಂತ್ರ, ಪೇಟಿ ಒಂದು ಸಲ ಊದಿದ. 'ಬಂದಂಥವರು ತಾವು ಧಾರು' ಅನ್ನೋದು ಪೇಟಿಯಾಗ ಬಂತು. ಮಾತಿಲ್ಲ, ಮಾತಿನ ಏರಿಳಿವು ಅಷ್ಟ. ನಾವು ಮೂವರೂ ಉತ್ತರ ಕೊಟ್ವಿ. ಅಲ್ಲಿಂದ ಮುಂದ ಎಲ್ಲಿದ್ದೀವಿ ಅನ್ನೋದನ್ನ ಚಿತ್ರ ಹೇಳ್ತಿತ್ತು, ಏನಾತು ಅನ್ನೋದನ್ನ ಪೇಟಿ ಹೇಳ್ತಿತ್ತು. ತಿಳೀದಿದ್ರ ಪಾಟಿ ಮ್ಯಾಲ ಬಳಪದಿಂದ ಬರೀತಿದ್ದ. ದನಿ ಇದ್ದಾಗಕಿಂತ ಆಟ ಬೇಷ್ ಆತು. ಇದು ಹೇಳಬಾರದ ಮಾತು, ಆದ್ರ ಖರೇ.

ಅಂಥದೊಂದು ದಿನ ಗಂಜಿ ಕುಡಸಾಕ ಹೋದಾಗ ಪಾಟಿ ಮ್ಯಾಲ ಬರದು ತೋರಿಸಿದ: "ತಮ್ಮ ಬರ್ತಾನೇನು?"

ತಮ್ಮ ಮುಕ್ಕುಂದದಾಗ ಇದ್ದ, ಭತ್ತದ ಗದ್ದಿ. ಇಪ್ಪತ್ತು ವರ್ಷ ಮಾತಿರಲಿಲ್ಲ. ದನಿ ಇದ್ದಾಗ ಒಂದು ಸಲ ಹೇಳಿದ್ದ. ಅವರಪ್ಪ ಸತ್ತ ದಿನ ಇವ ದೂರದ ಊರಾಗ ಬಯಲಾಟಕ್ಕ ಪೇಟಿ ಮುಂದ ಕುಂತಿದ್ದ. ತಮ್ಮ ಬಂದು ಆಟ ಆಡೋ ಅಟ್ಟದ ಕೆಳಗ ನಿಂತು "ಅಣ್ಣಾ, ಅಪ್ಪ ಹೋದ, ಏಳು" ಅಂದ. ಇವ ಏಳಲಿಲ್ಲ. ಬಯಲಾಟಕ್ಕ ಮಂಗಳ ಹಾಡೂತನಾ ಪೇಟಿಯವ ಏಳಬಾರದು, ಎದ್ರ ಆಟ ಬಾಯಿ ತಕ್ಕೊಂಡೇ ಉಳೀತೈತಿ ಅಂತಾರ. ಬೆಳಗಾಗಿ ಮಂಗಳ ಹಾಡಿ, ಊರು ಮುಟ್ಟೋದ್ರಾಗ ಮಣ್ಣಾಗಿತ್ತು. ತಮ್ಮ ಬಾಗಿಲದಾಗೇ ನಿಲ್ಲಿಸಿ ಅಂದನಂತ: "ನಿನ್ನ ಹೆಗಲು ಆಟಕ್ಕ ಕೊಟ್ಟಿ. ನಿನ್ನ ಹೆಣಕ್ಕ ನನ್ನ ಹೆಗಲು ಬರಂಗಿಲ್ಲ."

ಪಾಟಿ ನೋಡಿದೆ. ಸಾಯೋದಕ್ಕ ಅವ ಹೆದರಿರಲಿಲ್ಲ. ಹೆಗಲಿಗೆ ತಮ್ಮ ಬರ್ತಾನೋ ಇಲ್ಲೋ ಅನ್ನೋದೊಂದೇ ಉಳದಿತ್ತು.

"ಸತ್ತಮ್ಯಾಲ ಬಂದ್ರ ನಿನಗೇನು ಗೊತ್ತಾಗ್ತೈತಿ?" ಅಂದೆ. "ಜೀವಂತ ಇದ್ದಾಗಲೇ ಬರ್ಲಿ. ಬಸಣ್ಣಗ ಆದಂಗ ಮಾಡೋಣು. ನೀನೂ ಒಂದು ಸೋಗು ಹಾಕು, ಆಟದಾಗ ಸಾಯಿ. ಸುದ್ದಿ ನಾ ಮುಟ್ಟಸ್ತೀನಿ. ಆಯುಷ್ಯ ಬೆಳದ್ರ ಬೆಳೀಲಿ. ಇಲ್ಲಾಂದ್ರ ತಮ್ಮನ ಕಿವಿನಾರ ನೋಡ್ತಿ."

ಪಾಟಿ ಎಳಕೊಂಡು ಬರದ: "ದಾಳ ಒಪ್ಪಬೇಕು."

ಆ ಐತಾರ ಹೊತ್ತೇರೋಕಿಂತ ಮುಂಚೇನ ಅವನ ಖೋಲಿಯಾಗ ಕುಂತ್ವಿ. ಖಾನಾವಳಿ ಬಾಗಿಲು ಹಾಕಿದ್ದೆ. ಸಾರಥಿ ತಾನೇ ಪಾತ್ರ ಆಗಿ ಬಂದ. ಭತ್ತದ ಮಶೀನಿನ ರಕ್ಕಸನ ಮುಂದ ಹೋಗಿ ನಿಂತ. ದಾಳ ಒಗದ. ಅದು ಮಣಿ ಮ್ಯಾಲಿಂದ ಉಳ್ಳಿ ನನ್ನ ಸೀರಿ ಸೆರಗಿನ ಕೆಳಗ ಹೋತು. ನಾ ಒಬ್ಬಾಕಿನೇ ಎತ್ತಿ ನೋಡಿದೆ.

ಇಪ್ಪತ್ತು ಬಿದ್ದಿತ್ತು.

"ಒಂದು," ಅಂದೆ.

ಮಹಬೂಬ ತಲಿ ಬಗ್ಗಿಸಿದ. ಬಸಣ್ಣ ಕಣ್ಣು ಮುಚ್ಚಿದ. ಪೇಂಟರ್ ನನ್ನ ಕಿವಿ ನೋಡಿದ. ನನಗ ಕಿವಿ ಕಾದದ್ದು ಗೊತ್ತಾತು. ಅವಗೂ ಗೊತ್ತಾತು. ತನ್ನ ಹಾಳಿ ಎಳಕೊಂಡು ಜೀವ ಅಳಿಸಿದ. ಇದನ್ನ ಇವತ್ತಿನತನಾ ಯಾರಿಗೂ ಹೇಳಿಲ್ಲ.

ಮುಕ್ಕುಂದಕ್ಕ ಫೋನ್ ಮಾಡಿದೆ. "ನಿಮ್ಮ ಅಣ್ಣ ಹೋದನಪ."

ಆ ಕಡಿಂದ ತಮ್ಮ "ಖರೇನ?" ಅಂದ.

"ಖರೇನ."

"ನಾ ಬರೂತನಾ ಎತ್ತಬ್ಯಾಡ್ರಿ," ಅಂದು ಇಟ್ಟ.

ಆ ಮಾತು ಪೇಂಟರಗ ಹೇಳಿದೆ. ಅವ ಪೇಟಿ ಎಳಕೊಂಡು ಬಾರಸಾಕ ಹತ್ತಿದ. ಅದೇ ಧಾಟಿ, ಸತ್ತ ಮನಿದು.

ಮೂರು ತಾಸಿಗೆ ತಮ್ಮ ಬಂದ. ಗಾಡಿ ಹೊರಗ ನಿಲ್ಲಿಸಿ, ಹೂವಿನ ಹಾರ ಪ್ಲಾಸ್ಟಿಕ್ ಚೀಲದಾಗ ಹಿಡಕೊಂಡು, ಚಪ್ಪಲಿ ಬಿಟ್ಟು ಖೋಲಿ ಬಾಗಿಲಕ್ಕ ಬಂದ. ಹೆಣ ನೋಡಾಕ ಬಂದಾವ ಪೇಟಿ ಬಾರಸೋ ಅಣ್ಣನ್ನ ನೋಡಿದ. ಸಿಟ್ಟು ಬರಲಿಲ್ಲ ಮೊದಲು. ಮಾರಿ ಸಡಲಾತು.

"ಅಣ್ಣಾ," ಅಂದ. ಸ್ವಲ್ಪ ನಿಂತು, "ಏಳು" ಅಂದ.

ಪೇಂಟರ್ ಏಳಲಿಲ್ಲ. ಕಣ್ಣು ಪೇಟಿ ಮ್ಯಾಲ, ಎಡಗೈ ಗಾಳಿ ಹಾಕ್ತಾನೇ ಇತ್ತು.

"ಲೇ ಪೇಂಟರ, ತಮ್ಮ ಬಂದಾನ, ಏಳೋ!" ಅಂತ ಒದರಿದೆ. ಬಸಣ್ಣ ಹೆಗಲು ಹಿಡದು ಅಲ್ಲಾಡಿಸಿದ. ಬೆರಳು ಹೋಗಿ ಆ ಸತ್ತ ಮನಿ ಮ್ಯಾಲ ಬಿತ್ತು, ಉಸ್ ಅಂತು, ಮುಂದಕ್ಕ ಹೋತು.

ತಮ್ಮ ಹಾರ ಬಾಗಿಲ ಚಿಲಕಕ್ಕ ಸಿಗಿಸಿದ. ಚಪ್ಪಲಿ ಮೆಟ್ಟಲಿಲ್ಲ, ಕೈಯಾಗ ಹಿಡಕೊಂಡು ಹೋದ. ಗಾಡಿ ಸದ್ದು ಪೂರಾ ಹೋದಮ್ಯಾಲ ಪೇಟಿ ನಿಂತಿತು.

"ಯಾಕೋ? ಯಾಕ ಏಳಲಿಲ್ಲ?"

ಪಾಟಿ ತಗೊಂಡು ಬರದ: "ಮಂಗಳ ಆಗಿಲ್ಲ."

ಪಾಟಿ ಕಸಕೊಂಡು ಒಗದೆ. ಎರಡು ಹೋಳಾತು. "ಹಂಗಾರ ಹಾಡ್ಕೊಂಡು ಸಾಯಿ," ಅಂದೆ. ಅದು ನೇಮವೋ, ತಮ್ಮನ ಮುಂದ ಎದ್ದು ನಿಲ್ಲಾಕ ಹೆದರಿಕಿಯೋ, ನನಗ ಇವತ್ತಿಗೂ ತಿಳೀದು. ನೇಮ ಅಂತ ಮಹಬೂಬ ಅಂತಾನ. ಮಹಬೂಬ ಒಳ್ಳೇವ.

ಆಮ್ಯಾಲ ಹತ್ತು ದಿನ ಇದ್ದ. ಗಂಜಿ ಕುಡಸ್ತಿದ್ದೆ, ಮಾತಾಡಸಲಿಲ್ಲ. ಹಗಲೆಲ್ಲಾ ಬಾಗಿಲ ಕಡೆ ಬೆನ್ನು ಹಾಕಿ ಏನೋ ಬರ್ಯಾಕತ್ತಿದ್ದ. ಮುಗಿಸಿ ಬೋರಲ ಇಟ್ಟ. ನಾ ಕೈ ಹಾಕಾಕ ಹೋದ್ರ ಮಣಿಕಟ್ಟು ಹಿಡದ, ಸುಟ್ಟ ಕಲಿ ಮ್ಯಾಲೇ. ಪಾಟಿ ಹೋಳಿನ ಮ್ಯಾಲ ಬರದ: "ಮಂಗಳದ ದಿನ."

ಬುಧವಾರ ಮಧ್ಯಾಹ್ನ ಗಂಜಿ ಒಯ್ದೆ. ಸತ್ತಿದ್ದ. ಗಂಜಿ ಕೆಳಗಿಟ್ಟು ಮುಕ್ಕುಂದಕ್ಕ ಫೋನ್ ಮಾಡಿದೆ.

"ಅಣ್ಣ ಹೋದನಪ."

"ಯಾವ ಆಟದಾಗ?" ಅಂದ.

"ಆಟದಾಗ ಅಲ್ಲ. ಖರೇನ."

"ಹೋದ ಸಲಾನೂ ಖರೇನ ಅಂದಿದ್ರಿ ಅಮ್ಮ. ಆಟ ಮುಗದಮ್ಯಾಲ ಹೇಳ್ರಿ, ಬರ್ತೀನಿ."

ಮತ್ತ ಮತ್ತ ಮಾಡಿದೆ, ಎತ್ತಲಿಲ್ಲ. ಅವಂದು ತಪ್ಪಿಲ್ಲ. ಒಂದು ಅಂದಾಕಿ ನಾನು.

ಮಹಬೂಬ ಮಸ್ಕಿಯಿಂದ ಬಂದ, ಬಸಣ್ಣ ಡ್ಯೂಟಿ ಬಿಟ್ಟು ಬಂದ, ಎದುರಿನ ಪಂಕ್ಚರ್ ಅಂಗಡಿಯವ ಬಂದ. ಮೂರು ಹೆಗಲಾತು. ನಾಕನೇದಕ್ಕ ನಾ ಹೋದೆ. ಹೆಣ್ಮಗಳು ಹೆಗಲು ಕೊಡಬಾರದು ಅಂತ ಯಾವನೋ ಅಂದ. "ಹಂಗಾರ ನೀ ಬಾ" ಅಂದೆ. ಬರಲಿಲ್ಲ. ಹಗೂರ ಇದ್ದ, ಗಂಜಿ ಕುಡದ ಮನಿಷ್ಯ.

ಕುಣಿ ಹತ್ರ ಮಹಬೂಬ ಕೇಳಿದ: "ಅಕ್ಕಾರ, ಮಂಗಳ?" ಪೇಟಿ ತಂದಿದ್ದ. ಅವಗ ನಾಕು ಸ್ವರ ಬರ್ತಿದ್ವು ಅಷ್ಟ. ನನಗ ಬರೋದು ಸಣ್ಣಾಕಿ ಇದ್ದಾಗ ಬಯಲಾಟದ ಅಟ್ಟದ ಕೆಳಗ ಕುಂತು ಕೇಳಿದ್ದು. ಮಣ್ಣು ಹಾಕೋಕಿಂತ ಮೊದಲು ಹಾಡಿದೆ. ದನಿ ಗೊಗ್ಗರ. ಬಸಣ್ಣ ಎರಡನೇ ಸಾಲಿಗೆ ಕೂಡಿದ. ನಡುವ ಪೇಟಿ ಉಸ್ ಅಂತು, ಯಾರೂ ನಿಲ್ಲಸಲಿಲ್ಲ. ಮುಗಿಸಿದ್ವಿ, ಮಣ್ಣು ಹಾಕಿದ್ವಿ.

ಸಂಜಿಗೆ ಖೋಲಿಗೆ ಬಂದು ಆ ಚಿತ್ರ ತಿರುವಿದೆ. ಕಡೀ ರಕ್ಕಸ. ಕೊಂಬಿಲ್ಲ, ಹಲ್ಲಿಲ್ಲ. ನನ್ನ ಖೋಲಿಯ ಬಾಗಿಲು. ಬಾಗಿಲದಾಗ ಒಬ್ಬ ಮನಿಷ್ಯಾ, ಕೈಯಾಗ ಚಪ್ಪಲಿ. ಮಾರಿ ಇದ್ದ ಜಾಗ ಬಿಳಿ ಬಿಟ್ಟಿದ್ದ, ಬಣ್ಣ ಹಚ್ಚಿರಲಿಲ್ಲ. ಕಿವಿ ಮಾತ್ರ ಇತ್ತು. ಒಂದೊಂದು ಮಡಿಕಿ, ಕೆಳಗಿನ ಹಳೇ ತೂತು ಸೈತ. ಕೆಂಪಾಗಿರಲಿಲ್ಲ. ಕೆಳಗ 'ಜೀವ' ಅಂತ ಬರದು, ಅಂಕಿ ಬರೀದ ಬಿಟ್ಟಿದ್ದ.

ಮರುದಿನ ಮುಂಜಾನೆ ಒಲಿ ಹಚ್ಚಲಿಲ್ಲ. ಮೊದಲನೇ ಬಸ್ಸಿಗೆ ಸಿಂಧನೂರು, ಅಲ್ಲಿಂದ ಟಂಟಂ ಹಿಡದು ಮುಕ್ಕುಂದಕ್ಕ ಹೋದೆ. ತಮ್ಮ ಕಟ್ಟಿ ಮ್ಯಾಲ ಕುಂತು ಹಲ್ಲು ತಿಕ್ಕಾಕತ್ತಿದ್ದ. ನನ್ನ ಕಂಡು ಏಳಲಿಲ್ಲ. ಚಿತ್ರ ಅವನ ಮುಂದ ಬೋರಲ ಇಟ್ಟೆ.

"ಆಟ ಮುಗದೈತಪ," ಅಂದೆ. "ಹೇಳು ಅಂದಿದ್ದಿಯಲ್ಲ, ಹೇಳಾಕ ಬಂದೀನಿ."